ಕಹಳೆಯಿಂದ ಲ್ಯಾಪ್‌ಟಾಪ್‌ವರೆಗೆ: ಮನೆಯಲ್ಲೇ ಸ್ಟುಡಿಯೋ ಮಾಡೋರಿಗೆ ನೂರಿಪ್ಪತ್ತು ವರ್ಷದ ಲೆಕ್ಕ

ಮೆಣಸಗಿಯಿಂದ ಮಾತಾಡ್ತಿದ್ದೀನಿ. ಇದು ಇತಿಹಾಸದ ಸಂಚಿಕೆ. ಆದರೆ ಈ ಸಲ ರಾಜರಿಲ್ಲ, ಯುದ್ಧ ಇಲ್ಲ, ಶಾಸನ ಇಲ್ಲ. ಈ ಸಲದ ವಿಷಯ ನೀವೇ ಕೊಟ್ಟದ್ದು. ನಮ್ಮ ರೋಣ, ನರಗುಂದ, ಗಜೇಂದ್ರಗಡ ಕಡೆಯ ಹುಡುಗರು ಪದೇಪದೇ ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ಮನ್ಯಾಗ ಹಾಡು ರೆಕಾರ್ಡ್ ಮಾಡಬೇಕು. ಯಾವ ಲ್ಯಾಪ್‌ಟಾಪ್ ತಗೋಬೇಕು, ಯಾವ ಮೈಕ್ ತಗೋಬೇಕು?"

ಒಂದು ಮಾಡೆಲ್ ನಂಬರ್ ಹೇಳಿ ಎರಡು ನಿಮಿಷದಲ್ಲಿ ಮುಗಿಸಬಹುದು. ಆದರೆ ಮಾಡೆಲ್ ನಂಬರ್ ವರ್ಷ ತುಂಬೋದರೊಳಗೆ ಹಳೇದಾಗ್ತದೆ. ಹಳೇದಾಗದ ಉತ್ತರ ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ನೂರಿಪ್ಪತ್ತು ವರ್ಷದಿಂದ ಒಂದು ಮಾತು ಬದಲಾಗಿಲ್ಲ: ಯಾರ ದನಿ ಉಳೀಬೇಕು, ಯಾರದು ಹೋಗಬೇಕು ಅನ್ನೋದನ್ನ ಬಹಳ ಸಲ ತೀರ್ಮಾನ ಮಾಡಿದ್ದು ಹಾಡುಗಾರರಲ್ಲ, ಯಂತ್ರ ಇದ್ದವರು. ಈಗ ಯಂತ್ರ ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಖರೀದಿ ಬರೀ ಖರೀದಿ ಅಲ್ಲ.

ಕಹಳೆಯ ಮುಂದೆ ಮೂರು ನಿಮಿಷ

1902ನೇ ಇಸವಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನೋ ರೆಕಾರ್ಡಿಂಗ್ ಪರಿಣತ ಕಲ್ಕತ್ತಕ್ಕೆ ಬಂದ. ಹೋಟೆಲಿನ ಕೋಣೆಯೇ ಸ್ಟುಡಿಯೋ. ಅಂದರೆ ನಮ್ಮ ದೇಶದ ರೆಕಾರ್ಡಿಂಗ್ ಇತಿಹಾಸ ಶುರುವಾಗಿದ್ದೇ ಸ್ಟುಡಿಯೋ ಅಲ್ಲದ ಒಂದು ಕೋಣೆಯಲ್ಲಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಆಗ ಹಾಡಿದವರಲ್ಲಿ ಮುಖ್ಯರಾದವರು ಗೌಹರ್ ಜಾನ್. ಮೈಕ್ ಇರಲಿಲ್ಲ, ವಿದ್ಯುತ್ತಿನ ಕೆಲಸವೇ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು. ಆ ದನಿಯ ಒತ್ತಡಕ್ಕೆ ಕಹಳೆಯ ಇನ್ನೊಂದು ತುದಿಯ ತೆಳು ಪದರ ನಡುಗಿ, ಅದಕ್ಕೆ ಅಂಟಿದ ಮುಳ್ಳು ಮೇಣದ ತಟ್ಟೆಯ ಮೇಲೆ ಗೆರೆ ಕೊರೀತಿತ್ತು. ಸಮಯ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬಿಚ್ಚಿಕೊಳ್ಳೋ ರಾಗವನ್ನ ಅಷ್ಟರಲ್ಲಿ ಕಟ್ಟಿ ಮುಗಿಸಬೇಕು. ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳ್ತಿದ್ರು. ತಟ್ಟೆ ಅಚ್ಚಾಗ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ? ಅದೇ ಗೌಹರ್ ಜಾನ್ ಕೊನೆಗಾಲಕ್ಕೆ ನಮ್ಮ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

ಇಲ್ಲೊಂದು ಪಾಠ ಇದೆ. ಆಗ ವಾಲ್ಯೂಮ್ ಗುಂಡಿ ಇರಲಿಲ್ಲ. ಜೋರಾದ ವಾದ್ಯವನ್ನ ದೂರ ಕೂಡ್ರಿಸೋದು, ಹಾಡೋರನ್ನ ಹತ್ತಿರ ನಿಲ್ಲಿಸೋದು, ಇಷ್ಟೇ ಮಿಕ್ಸಿಂಗ್. 1925ರ ಸುಮಾರಿಗೆ ವಿದ್ಯುತ್ ಮೈಕ್ ಬಂದ ಮೇಲೂ, ಇವತ್ತಿನ ತನಕವೂ, ಒಳ್ಳೆ ರೆಕಾರ್ಡಿಂಗಿನ ಮೊದಲ ನಿಯಮ ಅಂತರವೇ. ಬಾಯಿಗೂ ಮೈಕಿಗೂ ಎಷ್ಟು ದೂರ, ಹಾರ್ಮೋನಿಯಂ ಎಲ್ಲಿ, ತಬಲಾ ಎಲ್ಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಒಂದು ತಟ್ಟೆ, ಓಡಿಹೋದ ಒಬ್ಬ ಹುಡುಗ

ಈಗ ನಮ್ಮ ಗದಗಿಗೆ ಬರೋಣ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಬಾಲ್ಯದ ಕತೆ ನೀವು ಕೇಳಿರಬಹುದು. ಭಜನೆ ಮೇಳ, ಬ್ಯಾಂಡ್ ಯಾವುದು ಹೋದರೂ ಹುಡುಗ ಹಿಂದೆ ಹೊರಟುಬಿಡೋನು, ಸುಸ್ತಾದಲ್ಲಿ ಮಲಗಿಬಿಡೋನು. ಬೇಸತ್ತ ತಂದೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಅಂತ ಬರೆದು ಕಳಿಸ್ತಿದ್ರಂತೆ, ಸಿಕ್ಕವರು ಮನೆಗೆ ಮುಟ್ಟಿಸಲಿ ಅಂತ.

ಆ ಹುಡುಗನ ದಿಕ್ಕು ಬದಲಿಸಿದ್ದು ಒಂದು ಗ್ರಾಮಫೋನ್ ತಟ್ಟೆ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ ಹಾಡಿದ ಝಿಂಝೋಟಿ ರಾಗದ ಠುಮ್ರಿ. ಹಾಗೆ ಹಾಡಬೇಕು ಅಂತ 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನ ಹುಡುಕಿ ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಅಂತ ಉತ್ತರವೆಲ್ಲ ಸುತ್ತಿದರು. ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ. ಆ ತಟ್ಟೆಯಲ್ಲಿ ಹಾಡಿದವರ ಶಿಷ್ಯರೇ ಆದ ಸವಾಯಿ ಗಂಧರ್ವರು. 1942ರಲ್ಲಿ ಎಚ್‌ಎಂವಿ ಕಂಪನಿ ಜೋಶಿಯವರ ಮೊದಲ ರೆಕಾರ್ಡ್ ತಂತು.

ಮೂರು ನಿಮಿಷದ, ಕರಕರ ಅನ್ನೋ ತಟ್ಟೆ ಒಂದು ಜೀವನವನ್ನ ತಿರುಗಿಸಿತು. ಈಗಿನ ಲೆಕ್ಕದಲ್ಲಿ ಅದರ ಆಡಿಯೋ ಕ್ವಾಲಿಟಿಗೆ ಯಾರೂ ಪಾಸ್ ಮಾರ್ಕ್ಸ್ ಕೊಡೋದಿಲ್ಲ. ಹಾಡಿನಲ್ಲಿ ಜೀವ ಇದ್ದರೆ ಯಂತ್ರದ ಕೊರತೆಯನ್ನ ಕಿವಿ ಕ್ಷಮಿಸ್ತದೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡ್ರಿ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ ಆ ಜಾಗದಲ್ಲಿ ಅದೆಷ್ಟೋ ಅಂಧ ಮಕ್ಕಳು ಕಿವಿಯನ್ನೇ ಪುಸ್ತಕ ಮಾಡಿಕೊಂಡು ಕಲಿತರು. ನಮ್ಮ ಜಿಲ್ಲೆಯ ಮೊದಲ ಆಡಿಯೋ ಸಲಕರಣೆ ಕಿವಿ. ಅದನ್ನ ಅಪ್‌ಗ್ರೇಡ್ ಮಾಡದೆ ಬೇರೆ ಏನು ಅಪ್‌ಗ್ರೇಡ್ ಮಾಡಿದರೂ ಉಪಯೋಗ ಇಲ್ಲ.

ಪದ ಉಳೀತು, ದನಿ ಹೋಯ್ತು

ಇದೇ ಕತೆಗೆ ಇನ್ನೊಂದು ಮಗ್ಗಲು ಇದೆ. 1930ರ ದಶಕದ ಆರಂಭದಲ್ಲಿ ಗಂಗೂಬಾಯಿ ಹಾನಗಲ್ಲರನ್ನ ಎಚ್‌ಎಂವಿ ರೆಕಾರ್ಡ್ ಮಾಡಿತು. ಆದರೆ ತಟ್ಟೆಗಳು ಬಂದಿದ್ದು 'ಗಾಂಧಾರಿ' ಅನ್ನೋ ಹೆಸರಲ್ಲಿ. ಹಾಡಿದವರ ಹೆಸರನ್ನೂ ಕಂಪನಿಯೇ ಇಡ್ತಿದ್ದ ಕಾಲ. ಹಾಗಿದ್ರೂ ಆ ತಟ್ಟೆಗಳು ದೊಡ್ಡ ಉಪಕಾರ ಮಾಡಿವೆ. ಮುಂದೆ ಗಂಟಲ ಚಿಕಿತ್ಸೆಯ ನಂತರ ಅವರ ದನಿ ಪೂರ್ತಿ ಬದಲಾಗಿ, ನಾವೆಲ್ಲ ಬಲ್ಲ ಆ ಗಡಸು, ಗಂಭೀರ ದನಿ ಆಯ್ತು. ಅದಕ್ಕೂ ಮೊದಲಿನ ತೆಳು, ಏರು ದನಿ ಹೇಗಿತ್ತು ಅಂತ ಇವತ್ತು ನಮಗೆ ಗೊತ್ತಾಗೋದು ಆ ತಟ್ಟೆಗಳಿಂದಲೇ.

ಈಗ ಅದೇ ಕಾಲದ ಇನ್ನೊಂದು ಘಟನೆ ಪಕ್ಕಕ್ಕಿಟ್ಟು ನೋಡಿ. 1931ರಲ್ಲಿ 'ಗರತಿಯ ಹಾಡು' ಅನ್ನೋ ಪುಸ್ತಕ ಬಂತು. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಬಳಗ, ಬೀಸುವಾಗ ಕುಟ್ಟುವಾಗ ಹೆಣ್ಮಕ್ಕಳು ಹಾಡ್ತಿದ್ದ ತ್ರಿಪದಿಗಳನ್ನ ಕೂಡಿಸಿ ಅಚ್ಚು ಹಾಕಿಸಿದರು. ಕನ್ನಡಕ್ಕೆ ಅದು ದೊಡ್ಡ ಆಸ್ತಿ. ಆದರೆ ಅವರ ಕೈಯಲ್ಲಿದ್ದುದು ಲೇಖನಿ ಮಾತ್ರ. ಪದ ಉಳೀತು. ಆ ತಾಯಂದಿರು ಅದನ್ನ ಯಾವ ಧಾಟಿಯಲ್ಲಿ ಹಾಡ್ತಿದ್ರು, ಬೀಸೋ ಕಲ್ಲಿನ ಗುರುಗುರು ಜೊತೆ ಉಸಿರನ್ನ ಎಲ್ಲಿ ನಿಲ್ಲಿಸ್ತಿದ್ರು, ಅದನ್ನ ಕಾಗದ ಹಿಡಿಯೋಕಾಗಲ್ಲ.

ಯಂತ್ರ ಇದ್ದ ಕಂಪನಿಗೆ ಬೀಸೋ ಪದ ಮಾರಾಟದ ಸರಕಾಗಿ ಕಾಣಲಿಲ್ಲ. ಬೀಸೋ ಪದದ ಬೆಲೆ ಗೊತ್ತಿದ್ದವರ ಹತ್ತಿರ ಯಂತ್ರ ಇರಲಿಲ್ಲ. ನಡುವೆ ಹಿಟ್ಟಿನ ಗಿರಣಿ ಬಂತು, ಬೀಸೋ ಕಲ್ಲು ಮೂಲೆ ಸೇರಿತು, ಅದರ ಜೊತೆ ಹಾಡೂ. ನನ್ನ ಪ್ರಕಾರ ನಮ್ಮ ರೆಕಾರ್ಡಿಂಗ್ ಇತಿಹಾಸದ ದೊಡ್ಡ ನಷ್ಟ ಇದೇ.

ಮದ್ರಾಸಿನಿಂದ ಹಿತ್ತಲಿಗೆ

ಮುಂದಿನ ಐವತ್ತು ವರ್ಷ ದನಿ ಹಿಡಿಯೋ ಕೆಲಸ ದೊಡ್ಡ ಕಟ್ಟಡಗಳ ಒಳಗೇ ಇತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಗಿ ನಮ್ಮ ಕಡೆಯ ಗಾಯಕರಿಗೆ ಹತ್ತಿರದ ಒಂದು ಮೈಕ್ ಸಿಕ್ಕಿತು. ಕನ್ನಡ ಸಿನಿಮಾ ಹಾಡಿಗಾದರೆ ಮದ್ರಾಸಿಗೇ ಹೋಗಬೇಕಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಇದೇ ಕಾರಣಕ್ಕೆ: ಕನ್ನಡದ ಕೆಲಸ ಕನ್ನಡದ ನೆಲದಲ್ಲೇ ಆಗಲಿ ಅಂತ.

ಅದೇ ಹೊತ್ತಿಗೆ ಹೊರಗೆ ಯಂತ್ರ ಸಣ್ಣದಾಗ್ತಿತ್ತು. 1979ರಲ್ಲಿ ಟ್ಯಾಸ್ಕಾಂ ಕಂಪನಿ ಸಾಮಾನ್ಯ ಕ್ಯಾಸೆಟ್ ಮೇಲೇ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡೋ ಪೋರ್ಟಾಸ್ಟುಡಿಯೋ ತಂತು. 1982ರಲ್ಲಿ ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಂಥ ಒಂದು ಪೆಟ್ಟಿಗೆ, ಎರಡು ಶ್ಯೂರ್ ಎಸ್‌ಎಂ57 ಮೈಕ್ ಇಟ್ಟುಕೊಂಡು ಮನೆಯಲ್ಲೇ ಕೂತು ಹಾಡಿದ. ಆ ಹಾಡುಗಳನ್ನ ಬ್ಯಾಂಡ್ ಜೊತೆ ಮತ್ತೆ ಮಾಡೋಕೆ ನೋಡಿದರು, ಮನೆಯ ಕ್ಯಾಸೆಟ್ಟಿನ ಭಾವ ಬರಲಿಲ್ಲ. ಕೊನೆಗೆ ಕ್ಯಾಸೆಟ್ಟೇ 'ನೆಬ್ರಾಸ್ಕಾ' ಆಲ್ಬಂ ಆಯ್ತು. 1983ರಲ್ಲಿ ಮಿಡಿ ಅನ್ನೋ ಒಪ್ಪಂದ ಬಂದು ಕೀಬೋರ್ಡ್‌ಗಳು, ಕಂಪ್ಯೂಟರ್‌ಗಳು ಒಂದೇ ಭಾಷೆ ಮಾತಾಡೋಕೆ ಶುರು ಮಾಡಿದವು. 1989ರಲ್ಲಿ ಎ.ಆರ್. ರೆಹಮಾನ್ ಚೆನ್ನೈನ ಮನೆಯ ಹಿತ್ತಲಲ್ಲಿ ಪಂಚತನ್ ಸ್ಟುಡಿಯೋ ಕಟ್ಟಿದರು. ಮೂರು ವರ್ಷಕ್ಕೆ 'ರೋಜಾ' ಬಂತು.

2000ದಲ್ಲಿ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಬಂತು. 2019ರಲ್ಲಿ ಬಿಲ್ಲಿ ಐಲಿಶ್ ಮತ್ತು ಆಕೆಯ ಅಣ್ಣ ಫಿನಿಯಸ್ ಲಾಸ್ ಏಂಜಲೀಸ್‌ನ ಮನೆಯ ಬೆಡ್‌ರೂಮಿನಲ್ಲಿ ಮಾಡಿದ ಆಲ್ಬಂ ಮರುವರ್ಷ ಗ್ರ್ಯಾಮಿ ಗೆದ್ದಿತು. ಹೋಟೆಲಿನ ಕೋಣೆಯಲ್ಲಿ ಶುರುವಾದದ್ದು ಸುತ್ತು ಹೊಡೆದು ಮನೆಯ ಕೋಣೆಗೆ ಬಂತು.

ಹಾಗಾದರೆ ಏನು ತಗೋಬೇಕು?

ಮೊದಲು ಕೆಲಸ ಯಾವುದು ಅಂತ ತೀರ್ಮಾನ ಮಾಡಿ. ಎರಡು ದಾರಿ ಇವೆ. ಒಂದು, ಎದುರಿಗೆ ಹಾಡೋರನ್ನ ಹಿಡಿಯೋದು: ಭಜನಿ ಪದ, ಸೋಬಾನೆ, ಡೊಳ್ಳಿನ ಪದ, ಮೊಹರಂ ರಿವಾಯತ್ ಪದ. ಇನ್ನೊಂದು, ಯೂಟ್ಯೂಬ್ ಜನಪದದ ಥರ ಬೀಟ್, ಕೀಬೋರ್ಡ್, ಸ್ಯಾಂಪಲ್ ಎಲ್ಲ ಕಂಪ್ಯೂಟರ್ ಒಳಗೇ ಕಟ್ಟೋದು.

ಮೊದಲನೇ ದಾರಿಗೆ ಭಾರೀ ಕಂಪ್ಯೂಟರ್ ಬೇಕೇ ಇಲ್ಲ. ಲೆಕ್ಕ ಹಾಕೋಣ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ದನಿ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡು, ಎಂಟು ಟ್ರ್ಯಾಕ್ ಅಂದರೂ ಸುಮಾರು 346 ಎಂಬಿ. ಈಗಿನ ಯಾವ ಲ್ಯಾಪ್‌ಟಾಪಿಗೂ ಇದು ಹೊರೆ ಅಲ್ಲ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಎರಡನೇ ದಾರಿಗೆ ಹೆಚ್ಚು ಬೇಕು, ಯಾಕಂದ್ರೆ ತಬಲಾ, ಶಹನಾಯಿ, ಪಿಟೀಲಿನ ಸ್ಯಾಂಪಲ್‌ಗಳು ರ‍್ಯಾಮ್ ಒಳಗೆ ಬಂದು ಕೂಡ್ತಾವೆ. ಅಲ್ಲಿ 16 ಜಿಬಿ ನೋಡಿ.

96, 192 ಕಿಲೋಹರ್ಟ್ಸ್ ಅಂತ ಡಬ್ಬಿ ಮೇಲೆ ಬರೆದದ್ದಕ್ಕೆ ಮರುಳಾಗಬೇಡಿ. ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ ಕೇಳ್ತದೆ. ಅದನ್ನ ಹಿಡಿಯೋಕೆ ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸಾಕು. 1982ರಲ್ಲಿ ಬಂದ ಸಿಡಿ 44.1ಕ್ಕೆ ನಿಂತಿದ್ದು ಇದಕ್ಕೇ.

ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಅಂತಾರೆ. ಇದರಲ್ಲಿ ಎರಡು ಮೈಕಿನ ಜಾಗ, 48 ವೋಲ್ಟ್ ಸೌಲಭ್ಯ ಇರಲಿ, ವಿಂಡೋಸ್ ಆದರೆ ಕಂಪನಿಯದೇ ಎಎಸ್‌ಐಒ ಡ್ರೈವರ್ ಇರಲಿ. ಇದು ಯಾಕೆ ಅಂದರೆ, ಹಾಡಿದ ದನಿ ಕಂಪ್ಯೂಟರ್ ಸುತ್ತಿ ಹೆಡ್‌ಫೋನಿಗೆ ಬರೋದರಲ್ಲಿ ತಡ ಆಗ್ತದೆ. ಹತ್ತು ಮಿಲಿಸೆಕೆಂಡ್ ತಡ ಅಂದರೆ ದನಿ ಮೂರೂವರೆ ಮೀಟರ್ ದೂರದಿಂದ ಬಂದ ಹಾಗೆ. ಅಷ್ಟನ್ನ ತಡಕೋಬಹುದು. ಐವತ್ತಾದರೆ ಹಾಡೋರ ತಾಳ ತಪ್ತದೆ.

ಮೈಕ್ ಆರಿಸೋವಾಗ ನಿಮ್ಮ ಓಣಿಯನ್ನ ಕೇಳಿ. ಪಕ್ಕದಲ್ಲಿ ಟ್ರ್ಯಾಕ್ಟರ್, ಗಿರಣಿ, ಗುಡಿಯ ಸ್ಪೀಕರ್ ಇದ್ದರೆ ಡೈನಮಿಕ್ ಮೈಕ್ ಒಳ್ಳೇದು. ಹತ್ತಿರದ್ದನ್ನ ಹಿಡೀತದೆ, ದೂರದ್ದನ್ನ ಅಷ್ಟಾಗಿ ಹಿಡಿಯೋದಿಲ್ಲ. ಕಂಡೆನ್ಸರ್ ಮೈಕ್ ಸೂಕ್ಷ್ಮ. ಉಸಿರೂ ಹಿಡೀತದೆ, ಫ್ಯಾನೂ ಹಿಡೀತದೆ. ಶಾಂತ ಕೋಣೆ ಇದ್ದರೆ, ನಾಲ್ಕು ಮಂದಿ ಕೂಡಿ ಹಾಡೋ ಮೇಳ ಇದ್ದರೆ ಅದು.

ಇನ್ನು ಕೋಣೆ. ನಮ್ಮ ಹಳೇ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು. ದಪ್ಪ ಗೋಡೆ ಹೊರಗಿನ ಸದ್ದು ತಡೀತದೆ, ಮಣ್ಣಿನ ಮೈ ಒಳಗಿನ ದನಿಯನ್ನ ಸಿಮೆಂಟಿನಷ್ಟು ಒದರಿಸೋದಿಲ್ಲ. ಆರ್‌ಸಿಸಿ ಕೋಣೆ ಆದರೆ ಹಾಡೋರ ಹಿಂದೆ, ಪಕ್ಕಕ್ಕೆ ಅಜ್ಜಿ ಹೊಲಿದ ಕೌದಿಗಳನ್ನ ಹಗ್ಗಕ್ಕೆ ಇಳಿಬಿಡಿ. ಕೌದಿ ಪದರಪದರ ಹಳೇ ಬಟ್ಟೆ, ದನಿ ಹೀರೋಕೆ ಅದೇ ಬೇಕು. ಅಂಗಡಿಯಲ್ಲಿ ಮಾರೋ ತೆಳು ಫೋಮ್‌ಗಿಂತ ದಪ್ಪ ಕೌದಿ ಎಷ್ಟೋ ಮೇಲು. ರೆಕಾರ್ಡ್ ಮಾಡೋವಾಗ ಫ್ಯಾನ್ ಆರಿಸಿ. ಗುಂಯ್ ಅನ್ನೋ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ ನೋಡಿ. ಕರೆಂಟ್ ಹೋದರೂ ಕೆಲಸ ನಿಲ್ಲೋದಿಲ್ಲ ಅನ್ನೋದಕ್ಕೇ ನಮ್ಮ ಕಡೆ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ಅನುಕೂಲ.

ಸ್ಪೀಕರ್ ಆಮೇಲೆ ತಗೊಳ್ಳಿ. ಸಣ್ಣ ಕೋಣೆಯಲ್ಲಿ ಬೇಸ್ ಸುಳ್ಳು ಹೇಳ್ತದೆ. ಮೊದಲು ಕಿವಿ ಮುಚ್ಚೋ ಒಂದು ಒಳ್ಳೆ ಹೆಡ್‌ಫೋನ್. ಕೊನೆಗೆ ಮೊಬೈಲ್ ಸ್ಪೀಕರಿನಲ್ಲಿ ಕೇಳಿ ನೋಡಿ, ಕೇಳೋರು ಕೇಳೋದು ಅದರಲ್ಲೇ. ಸಾಫ್ಟ್‌ವೇರಿಗೆ ದುಡ್ಡು ಬೇಡ: ಆಡಾಸಿಟಿ ಇದೆ, ಮೊಬೈಲಿಗೆ ಬ್ಯಾಂಡ್‌ಲ್ಯಾಬ್ ಇದೆ, ಐಫೋನ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಇದೆ. ಮುಂದೆ ಕೈ ಕುದುರಿದರೆ ರೀಪರ್ ನೋಡಿ.

ಸವಕಳಿಯ ಲೆಕ್ಕ

ಬಿ.ಕಾಂ. ಓದಿದ್ದಕ್ಕೆ ಈ ಒಂದು ಮಾತು ಹೇಳಲೇಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40 ಪ್ರತಿಶತ ಸವಕಳಿ ಹಿಡೀತಾರೆ, ಸಾಮಾನ್ಯ ಯಂತ್ರೋಪಕರಣಕ್ಕೆ 15. ಉದಾಹರಣೆಗೆ ನೀವು 50,000 ರೂಪಾಯಿಯ ಲ್ಯಾಪ್‌ಟಾಪ್, 20,000 ರೂಪಾಯಿಯ ಮೈಕ್, ಇಂಟರ್‌ಫೇಸ್, ಹೆಡ್‌ಫೋನ್ ತಗೊಂಡಿರಿ ಅನ್ನಿ. ಇದೇ ದರದಲ್ಲಿ ಮೂರು ವರ್ಷಕ್ಕೆ ಲ್ಯಾಪ್‌ಟಾಪಿನ ಪುಸ್ತಕ ಬೆಲೆ 10,800. ಮೈಕಿನ ಕಡೆಯದು ಸುಮಾರು 12,280. ಕಡಿಮೆ ದುಡ್ಡಿನ ವಸ್ತು ಮೂರು ವರ್ಷಕ್ಕೆ ಹೆಚ್ಚಿನ ದುಡ್ಡಿನದ್ದನ್ನ ದಾಟಿತು. ಇದು ಬರೀ ಕಾಗದದ ಲೆಕ್ಕವೂ ಅಲ್ಲ. 1966ರಲ್ಲಿ ಬಂದ ಶ್ಯೂರ್ ಎಸ್‌ಎಂ58 ಮೈಕನ್ನ ಇವತ್ತಿಗೂ ಜಗತ್ತಿನ ವೇದಿಕೆಗಳಲ್ಲಿ ಹಿಡೀತಾರೆ. ಅಷ್ಟು ವರ್ಷ ಬಾಳಿದ ಕಂಪ್ಯೂಟರ್ ಯಾವುದಿದೆ ಹೇಳಿ?

ಹಾಗಾಗಿ ಇಎಂಐ ಮೇಲೆ ದೊಡ್ಡ ಲ್ಯಾಪ್‌ಟಾಪ್ ತಗೊಂಡು, ಉಳಿದ ಚಿಲ್ಲರೆಯಲ್ಲಿ ಮೈಕ್ ತಗೊಳ್ಳೋ ಕ್ರಮ ತಲೆಕೆಳಗು. ನನ್ನ ಕ್ರಮ ಇದು: ಮೊದಲು ಕೋಣೆ, ಆಮೇಲೆ ಮೈಕ್, ಆಮೇಲೆ ಹೆಡ್‌ಫೋನ್ ಮತ್ತು ಇಂಟರ್‌ಫೇಸ್, ಕೊನೆಗೆ ಕಂಪ್ಯೂಟರ್. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಶುರು ಮಾಡಿ. ಅದು ಕೈ ಎತ್ತಿದ ದಿನ ಹೊಸದು ನೋಡಿದರಾಯ್ತು.

ಒಂದು ಖರ್ಚನ್ನ ಮಾತ್ರ ಉಳಿಸಬೇಡಿ: ನಕಲು ಇಡೋದು. ಮಲಪ್ರಭಾ ದಂಡೆಯ ನಮ್ಮ ಸೀಮೆ 2009ರಲ್ಲೂ 2019ರಲ್ಲೂ ಹೊಳಿ ಮನೆಯೊಳಗೆ ಬಂದದ್ದನ್ನ ಕಂಡಿದೆ. ಹೊಳಿ ಹೊಕ್ಕ ಮನೆಯಲ್ಲಿ ಟ್ರಂಕಿನೊಳಗಿನ ಕ್ಯಾಸೆಟ್ಟೂ ಉಳಿಯೋದಿಲ್ಲ, ಹಾರ್ಡ್ ಡಿಸ್ಕೂ ಉಳಿಯೋದಿಲ್ಲ. ಮೂರು ಪ್ರತಿ ಇಡಿ, ಎರಡು ಬೇರೆ ಥರದ ಜಾಗದಲ್ಲಿ ಇಡಿ, ಅದರಲ್ಲಿ ಒಂದು ಊರ ಹೊರಗೆ ಇರಲಿ. ಕ್ಲೌಡ್ ಆದರೂ ಸರಿ, ಹುಬ್ಬಳ್ಳಿಯ ಸೋದರಮಾವನ ಕಪಾಟಾದರೂ ಸರಿ.

ಕೊನೆಯ ಮಾತು. ಹಲಸಂಗಿ ಗೆಳೆಯರ ಹತ್ತಿರ ಇಲ್ಲದ ಯಂತ್ರ ಈ ಸಂಚಿಕೆ ಕೇಳ್ತಿರೋ ಎಲ್ಲರ ಕಿಸೆಯಲ್ಲೂ ಇದೆ. ಗೌಹರ್ ಜಾನ್‌ಗೆ ಸಿಕ್ಕ ಮೂರು ನಿಮಿಷದ ಮಿತಿ ನಮಗಿಲ್ಲ. ನಿಮ್ಮ ಓಣಿಯಲ್ಲಿ ಎಪ್ಪತ್ತು ದಾಟಿದ ಅಮ್ಮ, ಆಯಿ, ಕಾಕಾ ಯಾರಿಗಾದರೂ ಪದ ಬರ್ತಿದ್ದರೆ, ಮೈಕ್ ಕೊಳ್ಳೋ ತನಕ ಕಾಯಬೇಡಿ. ಒಪ್ಪಿಗೆ ಕೇಳಿ, ಕೌದಿ ಇಳಿಬಿಟ್ಟು, ಫ್ಯಾನ್ ಆರಿಸಿ, ಮೊಬೈಲನ್ನ ಏರ್‌ಪ್ಲೇನ್ ಮೋಡಿಗೆ ಹಾಕಿ ಒಂದು ಮೊಳ ದೂರ ಇಟ್ಟು ಕೂಡ್ರಿ. ಅವರಿಗೆ ಹೆಡ್‌ಫೋನ್ ತೊಡಿಸಬೇಡಿ, ಕ್ಲಿಕ್ ಟ್ರ್ಯಾಕ್ ಹಾಕಬೇಡಿ, ಅವರ ಲಯ ಅವರಿಗೆ ಗೊತ್ತು. ಹಾಡು ಮುಗಿದ ಮೇಲೆ ಅವರ ಹೆಸರು, ಊರು, ಯಾರಿಂದ ಕಲಿತರು ಅಂತ ಅವರ ಬಾಯಲ್ಲೇ ಹೇಳಿಸಿ. ಹೆಸರನ್ನ ಕಂಪನಿ ಇಡೋ ಕಾಲ ಹೋಯ್ತು.

ಆ ಫೈಲ್ ಕೈಯಲ್ಲಿ ಇಟ್ಟುಕೊಂಡು ಆಮೇಲೆ ಅಂಗಡಿಗೆ ಹೋಗಿ. ಏನು ಕೊಳ್ಳಬೇಕು ಅಂತ ಆ ಫೈಲೇ ಹೇಳ್ತದೆ.